ಹಲ್ಲಿಗೆ ವಯಸ್ಸೆಷ್ಟು? ಲೆಕ್ಕ ಹಾಕುವುದು ಹೀಗೆ

ನ್ಯೂಜಿಲೆಂಡಿನ ಕ್ಯಾಂಟರ್ಬರಿ ತೀರದ ಹತ್ತಿರ ಮೊಟುನೌ ಎಂಬ ಪುಟ್ಟ ದ್ವೀಪವಿದೆ. 1960ರ ದಶಕದಲ್ಲಿ ಟೋನಿ ವಿಟೇಕರ್ ಎಂಬ ವಿಜ್ಞಾನಿ ಅಲ್ಲಿನ ಹಲ್ಲಿಗಳಿಗೆ ಗುರುತು ಮಾಡಿ ಬಿಟ್ಟಿದ್ದರು. ಅವುಗಳಲ್ಲಿ ಎರಡು 2025ರಲ್ಲಿ ಸುದ್ದಿಯಾದವು. ಗುರುತು ಮಾಡಿದವರು ತೀರಿಹೋದ ಮೇಲೂ ಹಲ್ಲಿಗಳು ಬದುಕಿದ್ದವು! ಒಂದಕ್ಕೆ ಕನಿಷ್ಠ 64 ವರ್ಷ, ಇನ್ನೊಂದಕ್ಕೆ ಕನಿಷ್ಠ 60. ಈ ಲೆಕ್ಕ ಹೇಗೆ ಸಿಗುತ್ತದೆ, ನೋಡೋಣ.

ಮೊದಲು ಅಳತೆ. ಮೂತಿಯ ತುದಿಯಿಂದ ಮಲದ್ವಾರದವರೆಗೆ ಮಾತ್ರ ಅಳೆಯಬೇಕು. ಬಾಲವನ್ನು ಸೇರಿಸಬಾರದು. ಹೆದರಿದ ಹಲ್ಲಿ ಬಾಲ ಕಳಚಿ ಓಡುತ್ತದೆ ಅಲ್ವಾ? ಮತ್ತೆ ಬೆಳೆದ ಬಾಲ ಮೊದಲಿನಷ್ಟೇ ಉದ್ದ ಇರುವುದಿಲ್ಲ. ಅದರೊಳಗೆ ಬೆನ್ನುಮೂಳೆಯ ಬದಲು ಮೆದುಮೂಳೆಯ ಕೊಳವೆ ಇರುತ್ತದೆ.

ಆಮೇಲೆ ಗುರುತು. ವಿಟೇಕರ್ ಕಾಲದಲ್ಲಿ ಬೆರಳ ತುದಿ ಕತ್ತರಿಸುತ್ತಿದ್ದರು. ಇವತ್ತು ಬೆನ್ನಿನ ಫೋಟೊ ಸಾಕಾಗುವ ಜಾತಿಗಳಿವೆ. ನನಗೆ ಫೋಟೊ ದಾರಿಯೇ ಇಷ್ಟ, ಪ್ರಾಣಿಗೆ ನೋವಿಲ್ಲ. ಹಲ್ಲಿಯ ಬಣ್ಣ ಒಂದೇ ರಾತ್ರಿಯಲ್ಲಿ ತಿಳಿಯಾಗಬಹುದು, ಗಾಢವಾಗಬಹುದು. ಹಾಗಾಗಿ ಬಣ್ಣ ನೋಡಬೇಡಿ, ಚುಕ್ಕೆ ಪಟ್ಟೆಗಳು ಎಲ್ಲಿವೆ ಅಂತ ನೋಡಿ.

ಮೂರನೆಯದು, ಅದೇ ಹಲ್ಲಿಯನ್ನು ಮತ್ತೆ ಹುಡುಕುವುದು. ತಾಳ್ಮೆ ಬೇಕಾದ ಕೆಲಸ ಇದೇ. ಉದಾಹರಣೆಗೆ, ಮರಿಯೊಂದು ಮೊದಲು 38 ಮಿಲಿಮೀಟರ್ ಇತ್ತು, 60 ದಿನದ ನಂತರ 41 ಆಯಿತು ಅಂತಿಟ್ಟುಕೊಳ್ಳಿ. ಬೆಳೆದದ್ದು 3 ಮಿಲಿಮೀಟರ್. 60ರಿಂದ ಭಾಗಿಸಿದರೆ ದಿನಕ್ಕೆ 0.05. ಹೀಗೆ ಬೇರೆ ಬೇರೆ ಗಾತ್ರದ ಹತ್ತಾರು ಹಲ್ಲಿಗಳ ಲೆಕ್ಕ ಕೂಡಿದರೆ ಒಂದು ವಕ್ರರೇಖೆ ಮೂಡುತ್ತದೆ. ಮರಿಗಳು ಬೇಗ ಬೆಳೆಯುತ್ತವೆ, ದೊಡ್ಡವಾದಂತೆ ಬೆಳವಣಿಗೆ ನಿಧಾನವಾಗುತ್ತದೆ, ಕೊನೆಗೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಆದ್ದರಿಂದ ಉದ್ದ ನೋಡಿ ಮರಿಯ ವಯಸ್ಸು ಹೇಳಬಹುದು, ಮುದಿ ಹಲ್ಲಿಯದು ಆಗುವುದಿಲ್ಲ. ಹತ್ತು ವರ್ಷದ್ದೂ ಮೂವತ್ತು ವರ್ಷದ್ದೂ ಒಂದೇ ಅಳತೆ ಇರಬಹುದು. ತುಂಬಾ ಜನ ಎಡವುವುದು ಇಲ್ಲೇ.

ಮೂಳೆಯನ್ನು ಓದುವ ಇನ್ನೊಂದು ದಾರಿಯೂ ಇದೆ. ಚಳಿಯಲ್ಲೋ ಬರಗಾಲದಲ್ಲೋ ಬೆಳವಣಿಗೆ ನಿಂತಾಗ ಮೂಳೆಯಲ್ಲಿ ಒಂದು ಗೆರೆ ಉಳಿಯುತ್ತದೆ, ಮರದ ಉಂಗುರದ ಹಾಗೆ. ಬೆರಳ ಮೂಳೆಯನ್ನು ತೆಳ್ಳಗೆ ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಗೆರೆ ಎಣಿಸುತ್ತಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಶೋಧಕರು ನಮ್ಮ ಗೋಡೆ ಹಲ್ಲಿಯ ಮೂಳೆಗಳಲ್ಲೂ ಇಂಥ ಗೆರೆಗಳನ್ನು ಅಧ್ಯಯನ ಮಾಡಿದ್ದಾರೆ. ಆದರೆ ಸುಮ್ನೆ ಎಣಿಸಿದರೆ ಆಗದು. ಮೂಳೆಯ ಒಳಭಾಗ ಕರಗುತ್ತಾ ಹೋದಂತೆ ಹಳೆಯ ಗೆರೆಗಳು ಅಳಿಸಿಹೋಗುತ್ತವೆ. ಬೆಚ್ಚಗಿನ ನಾಡಿನಲ್ಲಿ ಗೆರೆ ಮಸುಕಾಗಿರಬಹುದು, ಒಂದೇ ವರ್ಷಕ್ಕೆ ಎರಡು ಬೀಳಲೂಬಹುದು. ವಯಸ್ಸು ಗೊತ್ತಿರುವ ಕೆಲವು ಹಲ್ಲಿಗಳ ಜೊತೆ ಹೋಲಿಸಿಯೇ ನಂಬಬೇಕು.

ಮನೆಯಲ್ಲೇ ಶುರು ಮಾಡುವುದಾದರೆ ಗೋಡೆಯ ದೀಪದ ಪಕ್ಕ ಒಂದು ಸ್ಕೇಲ್ ಅಂಟಿಸಿ. ಹಲ್ಲಿ ಅದರ ಹತ್ತಿರ ಬಂದಾಗ ಗೋಡೆಗೆ ನೇರವಾಗಿ ನಿಂತು ಫೋಟೊ ತೆಗೆಯಿರಿ, ತಾರೀಖು ಬರೆದಿಡಿ. ಹಿಡಿಯುವುದು ಬೇಡ. ಕಾಡಿನ ಹಲ್ಲಿಗಳನ್ನು ಹಿಡಿದು ಅಧ್ಯಯನ ಮಾಡುವವರು ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು.

ಕೊನೆಗೆ ವಯಸ್ಸು ಬರೆಯುವಾಗ ಹೀಗೆ ಮಾಡಿ: ಮೊದಲ ಸಲ ಕಂಡಾಗ ಇದ್ದಿರಬಹುದಾದ ಅತಿ ಕಡಿಮೆ ವಯಸ್ಸಿಗೆ ಅಲ್ಲಿಂದ ಕಳೆದ ವರ್ಷಗಳನ್ನು ಕೂಡಿಸಿ, ಮುಂದೆ ‘ಕನಿಷ್ಠ’ ಎಂದು ಸೇರಿಸಿ. ಮೊಟುನೌ ಹಲ್ಲಿಗಳ ವಯಸ್ಸಿನ ಮುಂದೆ ಆ ಪದ ಇರುವುದೂ ಇದಕ್ಕೇ.