ಅಡಿಕೆ ಸುಲಿಯುವ ಮನೆಗೆ ಮಾತು ಕೇಳುವ ಸ್ಪೀಕರ್: ನನ್ನ ಅನುಭವ

ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತು ಅರ್ಧ ಗಂಟೆಯಾದರೆ ಬೆರಳೆಲ್ಲ ಕಪ್ಪು, ಅಂಟಂಟು. ಆ ಕೈಯಲ್ಲಿ ಫೋನ್ ಮುಟ್ಟುವ ಹಾಗಿಲ್ಲ, ಮುಟ್ಟಿದರೂ ಸ್ಕ್ರೀನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಶಿರಸಿಯಿಂದ ಹುಲೇಕಲ್ ಕಡೆ ಹೋಗುವ ನಮ್ಮ ಊರುಗಳಲ್ಲಿ ಕೊಯ್ಲು ಶುರುವಾಯಿತೆಂದರೆ ರಾತ್ರಿ ಹನ್ನೊಂದರವರೆಗೂ ಸುಲಿಯುವುದೇ ಕೆಲಸ, ಪಕ್ಕದಲ್ಲಿ ಒಂದು ತಾಳಮದ್ದಲೆ ಓಡುತ್ತಿರಬೇಕು. ಅದನ್ನು ಬಾಯಲ್ಲೇ ಹೇಳಿ ನಿಲ್ಲಿಸುವ, ಬದಲಿಸುವ, ಜೊತೆಗೆ ಅಂಗಳದ ದೀಪ ಹಾಕುವ ವ್ಯವಸ್ಥೆ ಮಾಡುತ್ತೇನೆ ಎಂದಾಗ ನಕ್ಕವರೇ ಹೆಚ್ಚು. "ಬೆಂಗ್ಳೂರಲ್ಲಿ ಆಗ್ತು ಮಾರಾಯ, ಇಲ್ಲಿ ಕರೆಂಟೇ ಇರ್ತಿಲ್ಲೆ, ನೀ ಯಾರ ಹತ್ರ ಮಾತಾಡ್ತೆ?" ಈಗ ಆ ನಕ್ಕವರಲ್ಲೇ ಕೆಲವರ ಮನೆಗೆ ನಾನು ಹಾಕಿಕೊಟ್ಟಾಗಿದೆ. ಮಜೂರಿ ತೆಗೆದುಕೊಂಡೇ.

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರು, ಮನೆಯ ಉಪಕರಣಗಳನ್ನೆಲ್ಲ ಒಂದೇ ಕಡೆಯಿಂದ ನಡೆಸುವ ಹೋಮ್ ಅಸಿಸ್ಟೆಂಟ್ ತಂತ್ರಾಂಶ, ವೈಫೈ ಸ್ವಿಚ್ಚುಗಳ ಒಳಗೆ ಹಾಕುವ ಟಾಸ್ಮೋಟಾ ತಂತ್ರಾಂಶ, ಇವನ್ನೆಲ್ಲ ಹಾಕುವ ಬಗೆಯನ್ನು ಇಲ್ಲಿ ಬಿಡುತ್ತೇನೆ.

ಮೊದಲ ತೊಡಕು ಭಾಷೆ. ಫೋನಿನ ಗೂಗಲ್ ಅಸಿಸ್ಟೆಂಟಿಗೆ ಕನ್ನಡ ಬರುತ್ತದೆ, ಆದರೆ ಫೋನು ಒಳಕೋಣೆಯಲ್ಲಿ ಚಾರ್ಜಿಗೆ ಬಿದ್ದಿರುತ್ತದೆ. ದೂರದಿಂದ ಕೂಗಿದ್ದು ಕೇಳುವುದು ಅಮೆಜಾನಿನ ಎಕೋ ಡಾಟ್‌ನಂಥ ಸ್ಪೀಕರಿಗೆ, ಅದಕ್ಕೆ ನಮ್ಮ ದೇಶದಲ್ಲಿ ಇಂಗ್ಲಿಷು, ಹಿಂದಿ ಮಾತ್ರ. ಆಯಿಗೆ, ಅಂದರೆ ಅಮ್ಮನಿಗೆ, ಎರಡೂ ಬೇಡ. "ಇದ್ಕೆ ನಮ್ಮ ಮಾತು ತಿಳೀತಿಲ್ಲೆ ತಮಾ" ಎಂದು ಒಂದು ವಾರ ಅದರ ಮೇಲೆ ಬಟ್ಟೆ ಮುಚ್ಚಿಟ್ಟಿದ್ದಳು. ದಾರಿ ಸಿಕ್ಕಿದ್ದು ಆ್ಯಪಿನ ವಾಯ್ಸ್ ಹಿಸ್ಟರಿಯಲ್ಲಿ, ಸ್ಪೀಕರ್ ಕೇಳಿಸಿಕೊಂಡಿದ್ದನ್ನು ಬರೆದಿಡುವ ಜಾಗ ಅದು. ಅವಳು "ದೀಪ ಹಾಕು" ಎಂದಿದ್ದು ಅಲ್ಲಿ ಒಮ್ಮೆ "ಡೀಪ್ ಹಾಕ್", ಒಮ್ಮೆ "ದೀಪಕ್", ಇನ್ನೊಮ್ಮೆ "ದಿ ಪಾರ್ಕ್" ಎಂದು ಬಿದ್ದಿತ್ತು. ಇಂಥ ಮಾತು ಕೇಳಿದರೆ ಇಂಥ ಕೆಲಸ ಮಾಡು ಎಂದು ಆ್ಯಪಿನಲ್ಲಿ ಮೊದಲೇ ಹೇಳಿಡುವುದಕ್ಕೆ ರೂಟಿನ್ ಎನ್ನುತ್ತಾರೆ, ಆ ಅಡ್ಡಾದಿಡ್ಡಿ ಬರಹಗಳನ್ನೇ ಎತ್ತಿ ಅದರ ವಾಕ್ಯಗಳಾಗಿ ಕೊಟ್ಟೆ. ಒಂದು ರೂಟಿನ್‌ಗೆ ಹಲವು ವಾಕ್ಯ ಕೊಡಬಹುದು. ಯಂತ್ರಕ್ಕೆ ಕನ್ನಡ ಬಾರದಿದ್ದರೂ ಆಯಿಯ ಕನ್ನಡ ಬಂತು. ಹತ್ತಕ್ಕೆ ಎಂಟು ಸಲ ಸರಿ ನಡೆಯುತ್ತದೆ. ಆದರೆ ಯಾರು ಹೇಳುವವರೋ ಅವರ ದನಿಯಿಂದಲೇ ಈ ಬರಹ ತೆಗೆಯಬೇಕು, ನಮ್ಮ ದನಿಯಲ್ಲಿ ತೆಗೆದು ಅವರಿಗೆ ಕೊಟ್ಟರೆ ನಡೆಯದು.

ಕರೆಯುವ ಹೆಸರಿನದು ಬೇರೆಯೇ ಕಥೆ. "ಅಲೆಕ್ಸಾ" ಎಂದೇ ಇಟ್ಟುಕೊಂಡಿದ್ದೆ. ತಾಳಮದ್ದಲೆಯ ಅರ್ಥಧಾರಿ ರಾಗವಾಗಿ "ಅಲಕ್ಷ್ಯ" ಎಂದು ಎಳೆದರೆ ಸಾಕು, ನೀಲಿ ದೀಪ ಹೊತ್ತಿ ಪ್ರಸಂಗದ ನಡುವೆ ಹವಾಮಾನ ವರದಿ. "ಎಕೋ"ಗೆ ಬದಲಿಸಿದೆ, ಅದು ಇನ್ನೂ ಕಷ್ಟವಾಯಿತು. ನಮ್ಮಲ್ಲಿ ಯಾರು ಬಾಯಿ ಬಿಟ್ಟರೂ "ಯಾಕೋ" ಎಂದೇ ಶುರು. ಕೊನೆಗೆ "ಕಂಪ್ಯೂಟರ್" ಎಂದು ಇಟ್ಟ ಮೇಲೆ ಸುಧಾರಿಸಿತು. ಪುರಾಣದಲ್ಲಿ ಆ ಶಬ್ದ ಬರುವುದಿಲ್ಲವಲ್ಲ.

ಪದ್ಯ ಹುಡುಕಿಸುವುದು ಅದಕ್ಕಿಂತ ತಲೆನೋವು. ಯಕ್ಷಗಾನದ ನೆಬ್ಬೂರು ನಾರಾಯಣ ಭಾಗವತರ ಪದ ಕೇಳಿದರೆ ಆ ಇಂಗ್ಲಿಷ್ ಕಿವಿಗೆ ಅದು "ನೇಬರ್". ಹಾಗಾಗಿ ಹೆಸರಿನ ಗೊಡವೆಯೇ ಬೇಡವೆಂದು, ಅಪ್ಪ ಕೂಡಿಟ್ಟ ಕ್ಯಾಸೆಟ್ಟುಗಳನ್ನೆಲ್ಲ ಎಂಪಿ3 ಮಾಡಿ ನಂಬರು ಹಾಕಿದೆ. ಸುಮಾರು 90 ಇದ್ದವು. ಹೋಮ್ ಅಸಿಸ್ಟೆಂಟಿನಲ್ಲಿ ಎಮ್ಯುಲೇಟೆಡ್ ಹ್ಯೂ ಎಂಬುದೊಂದಿದೆ, ಫಿಲಿಪ್ಸ್ ಹ್ಯೂ ಎಂಬ ಸ್ಮಾರ್ಟ್ ಬಲ್ಬಿನಂತೆ ನಟಿಸಿ ಸ್ಪೀಕರಿಗೆ ಸುಳ್ಳು ಬಲ್ಬು ತೋರಿಸುತ್ತದೆ, ಅದರಲ್ಲಿ "ಸ್ಟೇಜ್" ಎಂಬ ಬಲ್ಬು ಮಾಡಿ, ಅದರ ಬೆಳಕಿನ ಮಟ್ಟವನ್ನೇ ಕ್ಯಾಸೆಟ್ಟಿನ ನಂಬರಾಗಿಸಿದೆ. "ಸ್ಟೇಜ್ 12 ಪರ್ಸೆಂಟ್" ಎಂದರೆ ಹೊತ್ತುವುದಕ್ಕೆ ಬಲ್ಬೇ ಇಲ್ಲ, 12ನೇ ಕ್ಯಾಸೆಟ್ಟು ಓಡುತ್ತದೆ. ಹ್ಯೂ ಬೆಳಕಿನ ಲೆಕ್ಕ ನೂರರದ್ದಲ್ಲ, 254ರದ್ದು, ಹಾಗಾಗಿ ಶುರುವಿನಲ್ಲಿ 43 ಕೇಳಿದರೆ 42 ಬರುತ್ತಿತ್ತು. ಅದನ್ನು ಸರಿ ಮಾಡಿದ ಸೂತ್ರ ಒಂದೇ ಸಾಲಿನದು, ಇಲ್ಲಿ ಬರೆಯುವುದಿಲ್ಲ. ಕೂತು ಲೆಕ್ಕ ಹಾಕಿದರೆ ನಿಮಗೂ ಸಿಗುತ್ತದೆ. ಶಬ್ದ ಬರುವುದು ಪೈನಿಂದ ಹಳೇ ಅಂಪ್ಲಿಫೈಯರಿಗೆ. ಡಾಟ್‌ನ ಪುಟ್ಟ ಸ್ಪೀಕರಿನಲ್ಲಿ ಚಂಡೆ ಕೇಳುವುದು ಚಂಡೆಗೇ ಅವಮಾನ.

ದುಡ್ಡು ಹೋಗಿದ್ದು ವೈರಿಂಗಿನಲ್ಲಿ. ನಮ್ಮದು ಹಳೇ ಮನೆ, ಸ್ವಿಚ್‌ಬೋರ್ಡಿಗೆ ನ್ಯೂಟ್ರಲ್ ತಂತಿ ಬಂದೇ ಇಲ್ಲ, ಫೇಸು ಮಾತ್ರ, ರಿಲೇ ಓಡಲು ಎರಡೂ ಬೇಕು. ಬೋರ್ಡಿನಲ್ಲಿ ಕೂರಿಸಬೇಕೆಂದಿದ್ದ ರಿಲೇಗಳನ್ನು, ಅಂದರೆ ಹೇಳಿದಂತೆ ತಾವೇ ಆನ್-ಆಫ್ ಆಗುವ ಸ್ವಿಚ್ಚುಗಳನ್ನು, ಮೇಲೆ ದೀಪ ತೂಗುವ ಸೀಲಿಂಗ್ ರೋಸ್ ಹತ್ತಿರ ಕೂರಿಸಿ, ಗೋಡೆ ಸ್ವಿಚ್ಚಿಗೆ ಬೇರೆ ಜೋಡಿ ವೈರು ಎಳೆಯಬೇಕಾಯಿತು. ಗೋಡೆ ಸ್ವಿಚ್ಚು ಸಾಯಬಾರದು, ಇದರಲ್ಲಿ ರಾಜಿ ಇಲ್ಲ. ಅಪ್ಪ ಇವತ್ತಿಗೂ ಯಂತ್ರದ ಹತ್ತಿರ ಮಾತಾಡಿದವನಲ್ಲ, ಟಕ್ ಎಂದು ಸ್ವಿಚ್ ಒತ್ತುತ್ತಾನೆ. ಡಬ್ಬಿಯ ಮೇಲೆ 10 ಆಂಪ್ ಎಂದು ಬರೆದಿದ್ದ ರಿಲೇಯೊಂದು ಬಾವಿಯ 1 ಎಚ್‌ಪಿ ಪಂಪಿಗೆ ಎರಡು ವಾರ ಬಾಳಿತು. ಓಡುವಾಗ ಐದಾರು ಆಂಪ್ ಇರಬಹುದು, ಹೊರಡುವಾಗಿನ ಎಳೆತ ಅದರ ಐದು ಪಟ್ಟು. ಒಳಗಿನ ಕಾಂಟ್ಯಾಕ್ಟು ಬೆಸುಗೆ ಹಾಕಿದಂತೆ ಅಂಟಿಹೋಗಿ, ಆಫ್ ಎಂದರೂ ಪಂಪು ನಿಲ್ಲಲಿಲ್ಲ. ನಡುವೆ ಮೋಟಾರಿನ ಎಳೆತ ತಡೆಯುವ ದೊಡ್ಡ ರಿಲೇಯಾದ ಕಾಂಟ್ಯಾಕ್ಟರ್ ಹಾಕಿದ ಮೇಲೆ ಸರಿಹೋಯಿತು, ಹುಬ್ಬಳ್ಳಿಯಿಂದ ತರಿಸಿದ್ದು, 900 ಚಿಲ್ಲರೆ. ಆಮೇಲೂ ಪಂಪು ನಿಲ್ಲಿಸುವುದನ್ನು ಮಾತ್ರ ಮಾತಿಗೆ ಕೊಟ್ಟಿದ್ದೇನೆ, ಹೊರಡಿಸುವುದನ್ನಲ್ಲ. ನೀರಿಲ್ಲದ ಬಾವಿಯಲ್ಲಿ ಪಂಪು ಓಡಿದರೆ ರಿವೈಂಡಿಂಗ್ ಖರ್ಚು ಸ್ಪೀಕರ್ ಕೊಡುವುದಿಲ್ಲ.

ದೊಡ್ಡ ಪೆಟ್ಟು ಕೊಟ್ಟಿದ್ದು ಮೇ ತಿಂಗಳ ಸಿಡಿಲು. ಮನೆಯಿಂದ ಅಡಿಕೆ ಬೇಯಿಸುವ ಕೊಟ್ಟಿಗೆಗೆ ಹೊರಗಿಂದ ಲ್ಯಾನ್ ಕೇಬಲ್ ಎಳೆದಿದ್ದೆ. ತಾಮ್ರದ ತಂತಿ, ಮೂವತ್ತು ಮೀಟರು, ಸಿಡಿಲಿಗೆ ಕೊಟ್ಟ ಕರೆಯೋಲೆ. ರೌಟರಿನ ಪೋರ್ಟು, ಪೈ, ಮೂರು ರಿಲೇ ಒಟ್ಟಿಗೇ ಹೋದವು, ಸುಮಾರು 7,000 ನಷ್ಟ. ಈಗ ಆ ಕಡೆಗೆ ವೈಫೈ ಮಾತ್ರ. ಚಿರೆಕಲ್ಲಿನ ದಪ್ಪ ಗೋಡೆ ಸಿಗ್ನಲ್ ನುಂಗುತ್ತದೆ, ಕಿಟಕಿಯ ಪಕ್ಕ ಇನ್ನೊಂದು ಹಳೇ ರೌಟರ್ ಇಟ್ಟರೆ ಸಾಕಾಗುತ್ತದೆ. ಕರೆಂಟು ಹೋದಾಗ ಎಂತ ಮಾಡ್ತೆ ಎಂದವರಿಗೆ ಉತ್ತರ 12 ವೋಲ್ಟಿನ ಮಿನಿ ಯುಪಿಎಸ್, 1,300 ರೂಪಾಯಿ. ಫೈಬರ್ ಡಬ್ಬಿ, ರೌಟರ್ ಎರಡನ್ನೂ ಮೂರು ತಾಸು ಎಳೆಯುತ್ತದೆ. ಉಳಿದದ್ದು ಮನೆಯ ಇನ್ವರ್ಟರ್ ಮೇಲೆ. ಸುಟ್ಟಿದ್ದು, ಉಳಿದಿದ್ದು ಎಲ್ಲ ಸೇರಿ 25,000ದ ಆಸುಪಾಸು ಆಗಿರಬೇಕು. ತಪ್ಪುಗಳಿಲ್ಲದೆ ಮಾಡಿದ್ದರೆ ಆಗ 15,000 ಸಾಕಿತ್ತು.

ನಡುವೆ ಇಂಟರ್ನೆಟ್ಟೇ ಬೇಡವೆಂಬ ಹುಚ್ಚೂ ಹತ್ತಿತ್ತು. ಹಳೇ ಲ್ಯಾಪ್‌ಟಾಪಿನಲ್ಲಿ ಮಾತನ್ನು ಬರಹಕ್ಕಿಳಿಸುವ ವಿಸ್ಪರ್ ಎಂಬ ತಂತ್ರಾಂಶ ಹಾಕಿ ಕನ್ನಡ ಕೇಳಿಸಿದೆ. ದೀಪ ಹಾಕು ಎಂದು ಹೇಳಿ, ಎದ್ದು ಹೋಗಿ ಸ್ವಿಚ್ ಒತ್ತಿ ಬಂದು ಕೂತರೂ ಅದು ಯೋಚಿಸುತ್ತಲೇ ಇರುತ್ತಿತ್ತು. ಮದ್ರಾಸ್ ಐಐಟಿಯ ಎಐ4ಭಾರತ್ ಮಾಡೆಲ್ ಕನ್ನಡವನ್ನು ಅದಕ್ಕಿಂತ ಚೆನ್ನಾಗಿ ಹಿಡಿಯಿತು, ಪುಸ್ತಕದ ಕನ್ನಡ ಆಡಿದರೆ. ಹವ್ಯಕ ಮಾತಿಗೆ ಇಳಿದರೆ ಅದೂ ತಡವರಿಸಿತು. ಸದ್ಯ ಕಟ್ಟಿಟ್ಟಿದ್ದೇನೆ, ಬಿಟ್ಟಿಲ್ಲ.

ಎಣಿಸಿರದ ಲಾಭ ಟೈಮರಿನದು. ಹಂಡೆಗೆ ಅಡಿಕೆ ಹಾಕಿ ಒಂದು ಮಾತು ಹೇಳಿಬಿಟ್ಟರೆ ಹೊತ್ತಾದಾಗ ಕೂಗುತ್ತದೆ. ಬೆಂದಿದೆಯೋ ಇಲ್ಲವೋ ನೋಡುವುದು ಆಯಿಯೇ, ಅಡಿಕೆಯ ಕಣ್ಣು ನೋಡಿ. ಕತೆ ಕೇಳುತ್ತ ಹಂಡೆ ಮರೆಯುವುದು ಮಾತ್ರ ನಿಂತಿದೆ.

ಈಗ ಕೈಯಲ್ಲಿರುವುದು ಕಾರವಾರದ ಭಾವನ ಮನೆ. ಅಲ್ಲಿ ಉಪ್ಪುಗಾಳಿಯದೇ ಕಾಟ. ಮೊದಲು ಹಾಕಿದ ಬೋರ್ಡಿನ ತಾಮ್ರ ಒಂದೇ ಮಳೆಗಾಲಕ್ಕೆ ಹಸಿರಾಯಿತು. ಟರ್ಮಿನಲ್ ಬಿಟ್ಟು ಉಳಿದ ಕಡೆ ವಾರ್ನಿಷ್ ಹೊಡೆದು, ಮುಚ್ಚಿದ ಡಬ್ಬಿಯಲ್ಲಿ ಹಾಕಿದ್ದೇನೆ. ಟಿವಿಗೆ ರಿಮೋಟಿನ ಸಂಕೇತ ಕಳಿಸುವ ಐಆರ್ ಬ್ಲಾಸ್ಟರ್, 1,000ದ ಒಳಗೇ ಬಂತು. ಚಾನೆಲ್ ನಂಬರು ಕಳಿಸುವಾಗ ಅಂಕೆ ಅಂಕೆಯ ನಡುವೆ ಅರ್ಧ ಸೆಕೆಂಡ್ ಬಿಡಿ, ಇಲ್ಲದಿದ್ದರೆ ಸೆಟ್‌ಟಾಪ್ ಬಾಕ್ಸ್ ನಡುವಿನ ಅಂಕೆ ನುಂಗಿ ಇನ್ನೆಲ್ಲಿಗೋ ಹೋಗಿ ನಿಲ್ಲುತ್ತದೆ. ಅಕ್ಕನ ಧಾರಾವಾಹಿಯ ಚಾನೆಲ್‌ಗಳು ಆಗಿವೆ, ಭಾವನ ಕ್ರಿಕೆಟ್ಟು ಇನ್ನೂ ಬಾಕಿ.