ಶಾಸಕರ ಲೆಟರ್‌ಹೆಡ್ ನನ್ನ ಕೈಗೆ ಬಂದಾಗ

ಕೋಲಾರ ಜಿಲ್ಲೆಯ ಶಾಸಕರೊಬ್ಬರಿಗೆ ನಾನು ಪಿಎ ಆಗಿದ್ದೆ. ರಾಜಕೀಯಕ್ಕೆ ಬರುವ ಮೊದಲು ಅವರು ಎಪಿಎಂಸಿ ಯಾರ್ಡಿನಲ್ಲಿ ಹಮಾಲಿ. 15 ಕೆಜಿ ಟೊಮೆಟೊ ಬಾಕ್ಸುಗಳನ್ನು ಲಾರಿಗೆ ತುಂಬಿದವರು. ಗೆದ್ದ ಮೇಲೆ ಬೆಳಕು ಹರಿಯುವ ಮೊದಲೇ ಮನೆ ಮುಂದೆ ಜನ. ಮದುವೆ ಕಾರ್ಡು, ಜಾತ್ರೆ ಚಂದಾ, ಆಸ್ಪತ್ರೆ ಬಿಲ್ಲು. ದುಡ್ಡಿರುವ ಶಾಸಕರು ಜೇಬಿಗೆ ಕೈ ಹಾಕಿ ಕಳಿಸಿಬಿಡುತ್ತಾರೆ. ನಮ್ಮವರ ಜೇಬಲ್ಲಿ ಏನಿತ್ತು? ಶಾಸಕರ ನಿಧಿ ಇದೆಯಲ್ಲ ಅಂತ ಜನ ಕೇಳುತ್ತಾರೆ. ಅದು ರಸ್ತೆ, ಶಾಲಾ ಕೊಠಡಿಯಂಥ ಕಾಮಗಾರಿಗೆ, ಡಿಸಿ ಆಫೀಸಿನ ಮೂಲಕ ಖರ್ಚಾಗುವ ಹಣ. ಹಾಗಾಗಿ ನಮ್ಮ ಬಂಡವಾಳ ಅಂದ್ರೆ ಲೆಟರ್‌ಹೆಡ್ ಒಂದೇ.

'ಸೂಕ್ತ ಕ್ರಮ ಕೈಗೊಳ್ಳಿ' ಅಂತ ಬರೆದರೆ ಆ ಪತ್ರ ಸುಮ್ನೆ ಫೈಲು ಸೇರುತ್ತದೆ. ಒಬ್ಬರು ಅಜ್ಜಿ ಬಂದಿದ್ದರು. "ನಮ್ಮ ಯಜಮಾನ್ರ ಕಾಲದಿಂದ ಉಳ್ತಿರೋ ಜಮೀನಪ್ಪ, ಅಲೆದೂ ಅಲೆದೂ ಸಾಕಾಯ್ತು" ಅಂದರು. ಸ್ವೀಕೃತಿ ಇದೆಯಾ ಅಂದೆ. ಪ್ಲಾಸ್ಟಿಕ್ ಕವರಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದರು. ಬಗರ್ ಹುಕುಂ, ನಮೂನೆ 57. ಅಂದರೆ 2005ಕ್ಕೆ ಮುಂಚಿನಿಂದ ಸರ್ಕಾರಿ ಜಮೀನು ಉಳುತ್ತಿದ್ದವರು, ಅದನ್ನು ತಮ್ಮ ಹೆಸರಿಗೆ ಸಕ್ರಮ ಮಾಡಿಕೊಡಿ ಅಂತ ಭೂಕಂದಾಯ ಕಾಯ್ದೆಯ 2018ರ ತಿದ್ದುಪಡಿಯಡಿ ಹಾಕಿದ ಅರ್ಜಿ. ಹೋಬಳಿ, ಸರ್ವೆ ನಂಬರ್, ಅರ್ಜಿ ಸಂಖ್ಯೆ ಎಲ್ಲ ಬರೆದು, 'ಸ್ಥಳ ಪರಿಶೀಲನೆ ಆಗಿದೆಯೇ? ಕಡತವನ್ನು ಮುಂದಿನ ಸಭೆಗೆ ಮಂಡಿಸಿ' ಅಂತ ತಹಶೀಲ್ದಾರರಿಗೆ ಪತ್ರ ಹಾಕಿದೆ. ಇಂಥ ಅರ್ಜಿಗಳನ್ನು ತೀರ್ಮಾನಿಸುವ ಬಗರ್ ಹುಕುಂ ಸಮಿತಿಗೆ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಇದು ಗೊತ್ತಿಲ್ಲದೆ ಜನ ಬೆಂಗಳೂರಿಗೆ ಬಸ್ಸು ಹತ್ತುತ್ತಾರೆ! ಪತ್ರದ ಒಂದು ಪ್ರತಿ ಅಜ್ಜಿಗೂ ಕೊಟ್ಟೆ. ಕೌಂಟರಿನಲ್ಲಿ ತೋರಿಸೋಕೆ ಕೈಯಲ್ಲಿ ಕಾಗದ ಇರಬೇಕಲ್ವಾ.

ಒಂದೇ ದೂರು ಹತ್ತಾರು ಹಳ್ಳಿಯಿಂದ ಬಂದರೆ ಅದು ವಿಧಾನಸಭೆಯ ಪ್ರಶ್ನೆ. ನನಗೆ ಜಾಸ್ತಿ ಖುಷಿ ಕೊಟ್ಟ ಕೆಲಸ ಇದು. 'ಯಾಕೆ ತಡ?' ಅಂತ ಕೇಳಿದರೆ 'ಪರಿಶೀಲನೆಯಲ್ಲಿದೆ' ಅನ್ನೋ ಉತ್ತರ ಸಿದ್ಧವಾಗಿರುತ್ತದೆ. ಹಾಗಾಗಿ ಅಂಕಿ ಕೇಳುತ್ತಿದ್ದೆ. ತಾಲ್ಲೂಕಿನಲ್ಲಿ ಬಂದ ಅರ್ಜಿ ಎಷ್ಟು, ವಿಲೇವಾರಿ ಎಷ್ಟು, ತಿರಸ್ಕೃತ ಎಷ್ಟು? ತಿರಸ್ಕರಿಸಿದ್ದು ಗೋಮಾಳ ಅಂತಲೋ, ಅರಣ್ಯ ಅಂತಲೋ, ಕೆರೆ ಅಂಗಳ ಅಂತಲೋ? ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸದನದಲ್ಲೇ ಬಾಯಿಮಾತಿನ ಉತ್ತರ, ಮೇಲೆ ಉಪಪ್ರಶ್ನೆಗೂ ಅವಕಾಶ. ಚುಕ್ಕೆ ಇಲ್ಲದಿದ್ದರೆ ಲಿಖಿತ ಉತ್ತರ ಮಾತ್ರ. ಭಾಷಣಕ್ಕೆ ನಿಂತರೆ ನಮ್ಮವರು ತಡವರಿಸುತ್ತಿದ್ದರು. ಉಪಪ್ರಶ್ನೆಗೆ ಮಾತ್ರ ಮಂಡಿಯಲ್ಲಿ ಕೂಲಿ ಚೌಕಾಶಿ ಮಾಡುವ ಗಟ್ಟಿ ಗಂಟಲು ಬರುತ್ತಿತ್ತು.

ಉತ್ತರದ ಪ್ರತಿ ಬಂದ ಕೂಡಲೇ ಜೆರಾಕ್ಸ್ ಮಾಡಿಸಿ ಮುಂದಿನ ಸಮಿತಿ ಸಭೆಗೆ ಒಯ್ಯುತ್ತಿದ್ದೆ. ಸಚಿವರು ಸದನದಲ್ಲಿ ಕೊಟ್ಟ ಅಂಕಿ ತಾಲ್ಲೂಕು ಕಚೇರಿಯಿಂದಲೇ ಹೋದದ್ದು. ಬಾಕಿ ಇಲ್ಲ ಅನ್ನೋಕೆ ಅಲ್ಲಿ ಯಾರಿಗೂ ಆಗುತ್ತಿರಲಿಲ್ಲ.