ಯೂನಿವರ್ಸಿಟಿ ಎಚ್-1ಬಿ: ಒಳಗೆ ಹೋಗೋದು ಸುಲಭ, ಹೊರಗೆ ಬರೋದು ಕಷ್ಟ

ಓಪಿಟಿ (ಓದು ಮುಗಿಸಿದವರಿಗೆ ಸ್ಟೂಡೆಂಟ್ ವೀಸಾದಲ್ಲೇ ಸ್ವಲ್ಪ ಕಾಲ ಕೆಲಸ ಮಾಡಲು ಸಿಗುವ ಅನುಮತಿ) ಮುಗಿಯುವ ಹೊತ್ತಿಗೆ ಅಮೆರಿಕದಲ್ಲಿರುವ ನಮ್ಮ ಹುಡುಗರು ಕೇಳುವ ಪ್ರಶ್ನೆ ಒಂದೇ: "ಎಚ್-1ಬಿ ಲಾಟರಿಯಲ್ಲಿ ಹೆಸರು ಬರಲಿಲ್ಲ, ಯೂನಿವರ್ಸಿಟಿಯ ಐಟಿ ವಿಭಾಗದಲ್ಲಿ ಆಫರ್ ಇದೆ, ಸೇರಲಾ?" ಸೇರಿ. ಸಂಬಳ ಕಡಿಮೆ ಇರಬಹುದು, ಆದರೆ ಬದುಕು ನೆಮ್ಮದಿ. ಸಹಿ ಹಾಕುವ ಮುಂಚೆ ಮಾತ್ರ ಇದನ್ನು ಓದಿ.

ಕಂಪನಿಗಳ ಎಚ್-1ಬಿಗೆ, ಅಂದರೆ ಕೆಲಸದ ವೀಸಾಗೆ, ವರ್ಷಕ್ಕೆ 85,000ದ ಮಿತಿ. ಅದಕ್ಕೇ ಲಾಟರಿ. 2000ನೇ ಇಸವಿಯ ಕಾನೂನೊಂದು ಯೂನಿವರ್ಸಿಟಿಗಳನ್ನು ಆ ಮಿತಿಯಿಂದ ಹೊರಗಿಟ್ಟಿತು. (ಲಾಭಕ್ಕಾಗಿ ನಡೆಯುವ ಕಾಲೇಜುಗಳಿಗೆ ಈ ಸೌಲಭ್ಯ ಇಲ್ಲ.) ಲಾಟರಿ ಇಲ್ಲ, ಅಕ್ಟೋಬರ್‌ವರೆಗೆ ಕಾಯೋದೂ ಇಲ್ಲ. ಎಲ್ಲರೂ ಎಡವೋದು ಇಲ್ಲೇ. ಈ ವೀಸಾ ಸಿಕ್ಕಿದ ಮಾತ್ರಕ್ಕೆ ನೀವು ಆ 85,000ದ ಲೆಕ್ಕಕ್ಕೆ ಸೇರುವುದಿಲ್ಲ. ನಾಳೆ ಕಂಪನಿಗೆ ಹೋಗಬೇಕೆಂದರೆ ಮಾರ್ಚ್ ಲಾಟರಿಗೆ ಹೊಸದಾಗಿ ಹೆಸರು ಕೊಡಬೇಕು. ಇತ್ತ ಎಚ್-1ಬಿಯ ಆರು ವರ್ಷದ ಅವಧಿಯಲ್ಲಿ ಯೂನಿವರ್ಸಿಟಿಯ ವರ್ಷಗಳೂ ಕಳೆದುಹೋಗುತ್ತವೆ.

ಹಾಸನದ ಕಡೆಯ ಡೇಟಾಬೇಸ್ ಅಡ್ಮಿನ್ ಒಬ್ಬ "ಎಚ್-1ಬಿ ಇದೆಯಲ್ಲ, ಟ್ರಾನ್ಸ್‌ಫರ್ ಅಷ್ಟೇ" ಅಂದುಕೊಂಡು ನವೆಂಬರ್‌ನಲ್ಲಿ ರಾಜೀನಾಮೆ ಕೊಟ್ಟೇಬಿಟ್ಟ. ಹೊಸ ಕಂಪನಿಯ ವಕೀಲರು ಅವನ ಕಾಗದಪತ್ರ ನೋಡಿದ್ದು ಆಮೇಲೆ. ಹಳೆಯ ಮ್ಯಾನೇಜರ್ ಕೈಕಾಲು ಹಿಡಿದು ರಾಜೀನಾಮೆ ವಾಪಸ್ ಪಡೆದ. ಅಷ್ಟರಲ್ಲಿ ಹೊಸ ಊರಿನ ಮನೆಗೆ ಕೊಟ್ಟ ಮುಂಗಡ ಹೋಗಿತ್ತು.

ಮೊದಲೇ ಲಾಟರಿಯಲ್ಲಿ ಗೆದ್ದು, ಕಂಪನಿ ಬಿಟ್ಟು ಬಂದವರಿಗೆ ಈ ತಲೆನೋವು ಸಾಮಾನ್ಯವಾಗಿ ಇರುವುದಿಲ್ಲ. ಹಳೆಯ ಐ-797 (ಎಚ್-1ಬಿ ಮಂಜೂರಾದ ಪತ್ರ) ಜೋಪಾನವಾಗಿಡಿ.

ಗ್ರೀನ್ ಕಾರ್ಡ್ ವಿಷಯದಲ್ಲಿ ಇನ್ನೂ ಹುಷಾರು. ಪಾಠ ಮಾಡುವವರಿಗೆ ಪರ್ಮ್‌ನಲ್ಲಿ (ಗ್ರೀನ್ ಕಾರ್ಡ್‌ಗೆ ಮುಂಚೆ ಕಾರ್ಮಿಕ ಇಲಾಖೆಯಿಂದ ಪಡೆಯುವ ಒಪ್ಪಿಗೆ) ಬೇರೆಯೇ, ಸಲೀಸಾದ ದಾರಿ ಇದೆ. ನಮ್ಮಂಥ ಐಟಿ ಸ್ಟಾಫ್‌ಗೆ ಅದಿಲ್ಲ. ಪ್ರೊಫೆಸರ್‌ಗಳಿಗೆ ಗ್ರೀನ್ ಕಾರ್ಡ್ ಮಾಡಿಸಿಕೊಟ್ಟು, ಸ್ಟಾಫ್‌ಗೆ ಆಗಲ್ಲ ಅನ್ನುವ ಯೂನಿವರ್ಸಿಟಿಗಳೂ ಇವೆ. ಮ್ಯಾನೇಜರ್ ಬಾಯಿಮಾತಿಗೆ "ಮಾಡಿಸೋಣ" ಅಂದರೆ ಸಾಲದು. ಎಚ್‌ಆರ್‌ನಿಂದ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಆರನೇ ವರ್ಷ ಮುಗಿಯಲು ಕನಿಷ್ಠ 365 ದಿನ ಇರುವಾಗಲೇ ಪರ್ಮ್ ಅರ್ಜಿ ಹೋಗಿರಬೇಕು. ತಡವಾದರೆ ಆರು ವರ್ಷದ ಮೇಲೆ ವಿಸ್ತರಣೆ ಸಿಗೋದು ಕಷ್ಟ.

ಬಡ್ತಿಯ ರೀತಿಯೂ ಬೇರೆ. ಬೆಂಗಳೂರಿನ ಹಾಗೆ ಅಪ್ರೈಸಲ್ ಮುಗಿಸಿ ಸುಮ್ನೆ ಕಾಯುತ್ತಾ ಕೂತರೆ ಆಗುವುದಿಲ್ಲ. ಬಹಳಷ್ಟು ಕಡೆ ಮೇಲಿನ ಹುದ್ದೆ ಖಾಲಿಯಾದಾಗ ಹೊರಗಿನವರಂತೆಯೇ ಅರ್ಜಿ ಹಾಕಬೇಕು. ದಿನಾ ಜೊತೆಗೆ ಕಾಫಿ ಕುಡಿಯುವವರೇ ಆಯ್ಕೆ ಮಾಡುವ ಸರ್ಚ್ ಕಮಿಟಿಯಲ್ಲಿ ಕೂತು "ನಿಮ್ಮ ಬಗ್ಗೆ ಹೇಳಿ" ಅನ್ನುತ್ತಾರೆ! ನಗು ಬಂದರೂ ಪೂರ್ತಿ ಹೇಳಿ, ಅವರು ಅಂಕ ಹಾಕುವುದು ಹೇಳಿದ್ದಕ್ಕೆ. ನಿಧಾನ ಜಾಸ್ತಿ, ಆದರೂ ಇಂತಿಷ್ಟೇ ಜನಕ್ಕೆ ಒಳ್ಳೆಯ ರೇಟಿಂಗ್ ಅನ್ನುವ ಬೆಲ್ ಕರ್ವ್‌ಗಿಂತ ಇದೇ ವಾಸಿ ಅಂತ ನನ್ನ ಅಭಿಪ್ರಾಯ.

ಯೂನಿವರ್ಸಿಟಿಯಲ್ಲಿ ನೌಕರರಿಗೆ ಫೀಸ್ ಮಾಫಿ ಇದ್ದರೆ ಮಾಸ್ಟರ್ಸ್‌ಗೆ ಸೇರಿ. ವರ್ಷಕ್ಕೆ 5,250 ಡಾಲರ್ ಮೀರಿದ ಮೊತ್ತಕ್ಕೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ, ಅದೂ ನಿಮ್ಮ ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ. ಮಕ್ಕಳ ಪದವಿ ಫೀಸ್ ಮಾಫಿಗೆ ಈ ಕಾಟ ಇಲ್ಲ.